ಐದು ಹಾಡು, ಒಂದು ಬೆಟ್ಟ: ‘ಶೋಲೆ’ ಗೀತೆಗಳಲ್ಲಿ ರಾಮನಗರ

ರಮೇಶ್ ಸಿಪ್ಪಿ ನಿರ್ದೇಶನದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆ ಕಂಡಿತು. ಅದರ ಬಹುಭಾಗ ಚಿತ್ರೀಕರಣಗೊಂಡದ್ದು ಬೆಂಗಳೂರಿನಿಂದ ಸುಮಾರು 50 ಕಿಲೋಮೀಟರ್ ದೂರದ ರಾಮನಗರದ ರಾಮದೇವರ ಬೆಟ್ಟದ ಸುತ್ತಮುತ್ತ ಎಂಬುದು ಕನ್ನಡಿಗರಿಗೆ ಹೊಸ ವಿಷಯವೇನಲ್ಲ. ಗಬ್ಬರನ ಸಂಭಾಷಣೆ, ಠಾಕೂರನ ಸೇಡು, ಜಯ್–ವೀರು ಗೆಳೆತನಗಳ ಬಗ್ಗೆ ಬೇಕಾದಷ್ಟು ಬರಹಗಳು ಬಂದಿವೆ. ಆದರೆ ಆ ಚಿತ್ರದ ಐದು ಹಾಡುಗಳ ದೃಶ್ಯಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದವರು ಕಡಿಮೆ. ಹಾಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಈ ಹಾಡುಗಳಲ್ಲಿ ರಾಮನಗರದ ನೆಲ ಬರಿಯ ಹಿನ್ನೆಲೆಯಾಗಿ ನಿಂತಿಲ್ಲ. ಒಂದೊಂದು ಗೀತೆಯಲ್ಲೂ ಅದಕ್ಕೆ ಬೇರೆ ಬೇರೆ ಪಾತ್ರವಿದೆ.

ದೃಶ್ಯಗೀತೆಯ ಹಳೆಯ ಮನೆ

ಗಾಯಕರು ತಮ್ಮ ಹಾಡುಗಳಿಗೆಂದೇ ಕಿರುಚಿತ್ರ ತಯಾರಿಸುವ ‘ಮ್ಯೂಸಿಕ್ ವಿಡಿಯೊ’ ಪದ್ಧತಿ ಪಾಶ್ಚಾತ್ಯ ಜಗತ್ತಿನಲ್ಲಿ ಬೇರೂರಿದ್ದು 1970ರ ದಶಕದ ನಡುಭಾಗದಿಂದೀಚೆಗೆ. ಬ್ರಿಟನ್ನಿನ ‘ಕ್ವೀನ್’ ತಂಡದ ಪ್ರಸಿದ್ಧ ‘ಬೊಹೀಮಿಯನ್ ರ‍್ಯಾಪ್ಸಡಿ’ಯ ದೃಶ್ಯರೂಪ ಬಂದದ್ದು 1975ರ ನವೆಂಬರ್‌ನಲ್ಲಿ, ಅಂದರೆ ‘ಶೋಲೆ’ ಬಿಡುಗಡೆಯಾದ ಮೂರು ತಿಂಗಳ ಬಳಿಕ. ಹಗಲಿರುಳೂ ಇಂಥ ದೃಶ್ಯಗಳನ್ನೇ ಬಿತ್ತರಿಸುವ ಎಂಟಿವಿ ವಾಹಿನಿ ಅಮೆರಿಕದಲ್ಲಿ ಆರಂಭವಾದದ್ದು 1981ರಲ್ಲಿ. ಪೂರ್ವ ಏಷ್ಯಾದ ಚೀನೀ, ಜಪಾನೀ, ಕೊರಿಯನ್ ಪಾಪ್ ಗಾಯಕರ ಅಭಿಮಾನಿಗಳು ಇಂದು ಒಂದೊಂದು ವಿಡಿಯೊವನ್ನು ಚೌಕಟ್ಟು ಚೌಕಟ್ಟಾಗಿ ಬಿಡಿಸಿ ಅರ್ಥ ಹುಡುಕುತ್ತಾರೆ. ಭಾರತದಲ್ಲಿ ಈ ಕೆಲಸವನ್ನು ಸಿನಿಮಾ ಹಾಡು ಬಹಳ ಹಿಂದೆಯೇ ವಹಿಸಿಕೊಂಡಿತ್ತು. ಹಾಡು ಮೊದಲು ಸ್ಟುಡಿಯೊದಲ್ಲಿ ಮುದ್ರಣವಾಗುತ್ತದೆ. ಅನಂತರ ಹೊರಾಂಗಣದಲ್ಲಿ ಅದನ್ನು ನುಡಿಸಿ ನಟರು ತುಟಿಚಲನೆ ಹೊಂದಿಸುತ್ತಾರೆ. ದನಿ ಒಬ್ಬರದು, ಮುಖ ಇನ್ನೊಬ್ಬರದು, ನೆಲ ಮತ್ತೊಂದು ಊರಿನದು. ‘ಶೋಲೆ’ಯ ಗೀತೆಗಳ ಮಟ್ಟಿಗೆ ದನಿ ಮುಂಬಯಿಯದು, ನೆಲ ರಾಮನಗರದ್ದು.

ಅಂದಿನ ಪ್ರೇಕ್ಷಕರಿಗೆ ಈ ಹಾಡುಗಳು ದೊರೆಯುತ್ತಿದ್ದ ಬಗೆಯನ್ನೂ ನೆನಪಿಡಬೇಕು. ಕೇಳುವುದಕ್ಕೆ ರೇಡಿಯೊ ಮತ್ತು ಧ್ವನಿಮುದ್ರಿಕೆಗಳಿದ್ದವು. ನೋಡಬೇಕೆಂದರೆ ಚಿತ್ರಮಂದಿರಕ್ಕೇ ಹೋಗಬೇಕಿತ್ತು. ದೂರದರ್ಶನದ ‘ಚಿತ್ರಹಾರ್’ ಹಾಗೂ ಕನ್ನಡ ಗೀತೆಗಳ ‘ಚಿತ್ರಮಂಜರಿ’ಗಳು ನಮ್ಮಲ್ಲಿ ಮನೆಮಾತಾದದ್ದು 1980ರ ದಶಕದಲ್ಲಿ. ಹೀಗಾಗಿ ಹಾಡಿನ ದೃಶ್ಯವನ್ನು ಮತ್ತೆ ಕಾಣಬೇಕೆಂದರೆ ಇಡೀ ಚಿತ್ರವನ್ನೇ ಮತ್ತೆ ನೋಡಬೇಕಿತ್ತು. ಮುಂಬಯಿಯ ಮಿನರ್ವ ಚಿತ್ರಮಂದಿರದಲ್ಲಿ ‘ಶೋಲೆ’ ಐದು ವರ್ಷ ಓಡಿತೆಂಬುದರ ಹಿಂದೆ ಇಂಥ ಮರುನೋಟದ ಹಂಬಲವೂ ಇದ್ದಿರಬೇಕು.

ಬೆಟ್ಟಕ್ಕೆ ಬಂದ ಬಂಡಿ

ಚಿತ್ರದ ಕಲಾ ನಿರ್ದೇಶಕ ರಾಮ್ ಯೇಡೇಕರ್ ಹುಡುಕಿದ ತಾಣ ಇದು. ಡಕಾಯಿತರ ಕಥೆಯೆಂದರೆ ಚಂಬಲ್ ಕಣಿವೆಯ ಮಣ್ಣಿನ ಕೊರಕಲುಗಳೇ ಎಂಬ ಅಂದಿನ ರೂಢಿಯಿಂದ ಹೊರಬರುವುದು ನಿರ್ದೇಶಕರ ಇಚ್ಛೆಯಾಗಿತ್ತು. ರಾಮನಗರದಲ್ಲಿ ಅವರಿಗೆ ದೊರೆತದ್ದು ಮಣ್ಣಲ್ಲ, ಕಲ್ಲು. ಭೂವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುವ ಈ ಶಿಲಾಪಟ್ಟಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸು. ಉತ್ತರ–ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಚಾಚಿದೆ. ಮಾಗಡಿಯ ಸಾವನದುರ್ಗವೂ ಇದೇ ಪಟ್ಟಿಯದು. ಮೈಸೂರು ಸಂಸ್ಥಾನದ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಿಂದ ರಾಮನಗರಕ್ಕೆ ಒಮ್ಮೆ ‘ಕ್ಲೋಸ್‌ಪೇಟೆ’ ಎಂಬ ಹೆಸರಿತ್ತು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಮಾತ್ರ ಇಂದಿಗೂ ಅದನ್ನು ಹೊತ್ತುಕೊಂಡಿದೆ.

ಚಿತ್ರೀಕರಣ ಆರಂಭವಾದದ್ದು 1973ರ ಅಕ್ಟೋಬರ್‌ನಲ್ಲಿ. ಬೆಟ್ಟದ ಬುಡದಲ್ಲಿ ‘ರಾಮಗಢ’ ಎಂಬ ಇಡೀ ಹಳ್ಳಿಯನ್ನು ಕಟ್ಟಲಾಯಿತು. ಹೆದ್ದಾರಿಯಿಂದ ಅಲ್ಲಿಗೆ ರಸ್ತೆ ಮಾಡಲಾಯಿತು. ಸುತ್ತಲಿನ ಜನ ಕೆಲಸಗಾರರಾಗಿ, ತೆರೆಯ ಮೇಲಿನ ಹಳ್ಳಿಗರಾಗಿ ದುಡಿದರು. ಆ ಪ್ರದೇಶಕ್ಕೆ ‘ಸಿಪ್ಪಿ ನಗರ’ವೆಂಬ ಹೆಸರೂ ಅಂಟಿಕೊಂಡಿತು. ಛಾಯಾಗ್ರಾಹಕರು ದ್ವಾರಕಾ ದಿವೇಚಾ. 35 ಎಂ.ಎಂ. ಫಿಲ್ಮಿನಲ್ಲಿ ತೆಗೆದು 70 ಎಂ.ಎಂ.ಗೆ ಹಿಗ್ಗಿಸುವ ಯೋಜನೆಯಿದ್ದುದರಿಂದ ಪ್ರತಿ ದೃಶ್ಯವನ್ನೂ ಅಗಲವಾದ ಚೌಕಟ್ಟಿಗೆ ಹೊಂದುವಂತೆ ರೂಪಿಸಬೇಕಾಗಿತ್ತು. ಅಗಲ ತೆರೆಯ ಇಕ್ಕೆಲಗಳನ್ನು ತುಂಬಲು ಬಂಡೆಗಳಿಗಿಂತ ಒಳ್ಳೆಯ ವಸ್ತು ಸಿಗಲಾರದು.

ಈ ನೆಲದ ಪರಿಚಯ ಹಾಡಿಗೂ ಮೊದಲೇ ಆಗುತ್ತದೆ. ಚಿಕ್ಕ ರೈಲು ನಿಲ್ದಾಣದಲ್ಲಿ ಇಳಿದ ಜೈಲು ಅಧಿಕಾರಿಯನ್ನು ಠಾಕೂರನ ಸೇವಕ ರಾಮಲಾಲ್ ಕುದುರೆಯ ಮೇಲೆ ಕರೆದೊಯ್ಯುತ್ತಾನೆ. ಹೆಸರುಗಳು ಮೂಡುತ್ತ ಹೋಗುವಷ್ಟೂ ಹೊತ್ತು ಆ ಸವಾರಿ ಸಾಗುತ್ತದೆ. ರಾಹುಲ್ ದೇವ್ ಬರ್ಮನ್ ಅವರ ಗಿಟಾರ್ ಮತ್ತು ಕಹಳೆಯ ಶೀರ್ಷಿಕೆ ಸಂಗೀತದ ಜತೆಗೆ ಬಯಲು, ಬಂಡೆ, ಹಳ್ಳಿಯ ಓಣಿ, ಠಾಕೂರನ ಮನೆ ಎಲ್ಲವೂ ಒಂದೊಂದಾಗಿ ಎದುರಾಗುತ್ತವೆ. ಮುಂದಿನ ಮೂರು ತಾಸಿನ ಕಥೆಗೆ ಬೇಕಾದ ನಕ್ಷೆಯನ್ನು ಒಂದೂ ಮಾತಿಲ್ಲದೆ ಸಂಗೀತವೇ ಬಿಡಿಸಿ ಕೊಡುತ್ತದೆ.

ರಸ್ತೆಯ ಹಾಡು: ‘ಯೇ ದೋಸ್ತಿ’

ಆನಂದ್ ಬಕ್ಷಿ ರಚಿಸಿದ ಈ ಗೀತೆಯನ್ನು ಹಾಡಿದವರು ಕಿಶೋರ್ ಕುಮಾರ್ ಮತ್ತು ಮನ್ನಾ ಡೇ. ಧರ್ಮೇಂದ್ರ ಅವರಿಗೆ ಕಿಶೋರ್, ಅಮಿತಾಭ್ ಬಚ್ಚನ್ ಅವರಿಗೆ ಮನ್ನಾ ಡೇ ದನಿಯಾದರು. ಸೈಡ್‌ಕಾರ್ ಜೋಡಿಸಿದ ಮೋಟಾರ್ ಸೈಕಲ್, ಅದರ ಮೇಲೆ ಇಬ್ಬರು ಗೆಳೆಯರು; ದೃಶ್ಯದಲ್ಲಿ ಇರುವುದು ಇಷ್ಟೇ. ಆದರೆ ಇದರ ಚಿತ್ರೀಕರಣಕ್ಕೆ 21 ದಿನಗಳು ಹಿಡಿದವು. ಓಡುವ ವಾಹನದ ಜತೆ ಕ್ಯಾಮೆರಾವೂ ಓಡಬೇಕು, ಬೆಳಕು ಒಂದೇ ಹದದಲ್ಲಿರಬೇಕು, ಹಾಡಿನ ಸಾಲಿಗೆ ತುಟಿ ತಪ್ಪಬಾರದು. ಇವೆಲ್ಲ ಒಟ್ಟಿಗೆ ಕೂಡಿಬರುವ ಕ್ಷಣಗಳು ದಿನಕ್ಕೆ ಕೆಲವೇ.

ಸೈಡ್‌ಕಾರ್ ಬಿಟ್ಟುಹೋಗಿ ಬೇರೆ ದಾರಿ ಹಿಡಿದು ಮತ್ತೆ ಬಂದು ಕೂಡಿಕೊಳ್ಳುವ ಚೇಷ್ಟೆ, ವೀರುವಿನ ಹೆಗಲೇರಿ ಕುಳಿತ ಜಯ್ ಮೌತ್ ಆರ್ಗನ್ ನುಡಿಸುವ ಚಿತ್ರ ಪ್ರೇಕ್ಷಕರ ನೆನಪಿನಿಂದ ಅಳಿದಿಲ್ಲ. ಇಲ್ಲಿ ನೆಲದ ಪಾತ್ರ ರಸ್ತೆಯದು. ಕಥೆ ಇನ್ನೂ ರಾಮಗಢವನ್ನು ತಲುಪಿಲ್ಲ. ಗೆಳೆಯರಿಗೆ ಊರಿಲ್ಲ, ಮನೆಯಿಲ್ಲ, ಮುಂದಿರುವುದು ದಾರಿ ಮಾತ್ರ. ಅದಕ್ಕೇ ಈ ಹಾಡಿನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ. ಜಯ್ ಸತ್ತಾಗ ಇದೇ ಹಾಡು ಕಿಶೋರ್ ದನಿಯಲ್ಲಿ ನಿಧಾನ ಗತಿಯಲ್ಲಿ ಮರಳುತ್ತದೆ. ಆಗ ಓಟವೆಲ್ಲ ನಿಂತಿರುತ್ತದೆ. ಮೊದಲ ಸಲದ ವೇಗವನ್ನು ಅಷ್ಟು ಶ್ರಮಪಟ್ಟು ಕಟ್ಟಿದ್ದರಿಂದಲೇ ಎರಡನೆಯ ಸಲದ ನಿಶ್ಚಲತೆ ಎದೆಗೆ ತಾಗುತ್ತದೆ.

ಈ ಹಾಡಿನೊಂದಿಗೆ ಕನ್ನಡ ನಾಡಿಗೆ ಇನ್ನೊಂದು ನಂಟಿದೆ. ಚಿತ್ರದಲ್ಲಿ ಬಳಸಿದ ಬಿಎಸ್‌ಎ ಮೋಟಾರ್ ಸೈಕಲನ್ನು 2025ರ ನವೆಂಬರ್‌ನಲ್ಲಿ ಗೋವಾದ ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ಅದರ ನೋಂದಣಿ ಫಲಕದ ‘ಎಂವೈಬಿ’ ಅಕ್ಷರಗಳು ಹಳೆಯ ಮೈಸೂರು ರಾಜ್ಯದ ಗುರುತು.

ಟಾಂಗಾ ಮತ್ತು ಬಣ್ಣ

‘ಕೋಯಿ ಹಸೀನಾ’ ಐದರಲ್ಲಿ ಅತ್ಯಂತ ಹಗುರವಾದದ್ದು. ಮುನಿದ ಬಸಂತಿ ಟಾಂಗಾ ಹೊಡೆಯುತ್ತಾಳೆ, ವೀರು ಬೆನ್ನುಬಿಡದೆ ಕಾಡುತ್ತಾನೆ. ಹಾಡಿನುದ್ದಕ್ಕೂ ಕೇಳುವ ಗೊರಸಿನ ಲಯವೇ ತಾಳ. ಕುದುರೆ ಧನ್ನೋ ಕೂಡ ವಾದ್ಯಗಾರರಲ್ಲಿ ಒಂದಾಗುತ್ತದೆ. ಹೆಣ್ಣೊಬ್ಬಳು ಬಂಡಿಯ ಹಗ್ಗ ಹಿಡಿದು ಮುಂದೆ ಕುಳಿತಿರುವುದು ಇಲ್ಲಿ ಗಮನಾರ್ಹ. ದಾರಿ ಅವಳಿಗೆ ಗೊತ್ತು, ಹೊರಗಿನವನು ವೀರು. ‘ಯೇ ದೋಸ್ತಿ’ಯ ಗೊತ್ತುಗುರಿಯಿಲ್ಲದ ರಸ್ತೆ ಈಗ ಒಂದು ಊರಿನ ದಾರಿಯಾಗಿದೆ, ಅಲೆಮಾರಿಗೆ ನೆಲೆ ನಿಲ್ಲುವ ಆಸೆ ಹುಟ್ಟಿದೆ ಎಂಬುದನ್ನು ಹಾಡು ನಗಿಸುತ್ತಲೇ ಹೇಳಿಬಿಡುತ್ತದೆ.

ಕಿಶೋರ್ ಕುಮಾರ್ ಮತ್ತು ಲತಾ ಮಂಗೇಶ್ಕರ್ ಹಾಡಿರುವ ‘ಹೋಲಿ ಕೆ ದಿನ್’ ಹಳ್ಳಿಯ ಹಾಡು. ಕಲ್ಲಿನ ಬೂದುಬಣ್ಣದ ನಡುವೆ ಒಮ್ಮೆಲೇ ಕೆಂಪು, ಹಳದಿ, ಹಸಿರು ಎರಚಿದಂತಾಗುತ್ತದೆ. ಇಡೀ ರಾಮಗಢ ಒಂದೇ ಚೌಕಟ್ಟಿನಲ್ಲಿ ಕುಣಿಯುವುದು ಇಲ್ಲಿಯೇ. ಆ ಬಣ್ಣಗಳಿಂದ ದೂರ ಬಿಳಿಸೀರೆಯಲ್ಲಿ ನಿಂತ ವಿಧವೆ ರಾಧಾಳ ಕಡೆಗೆ ಜಯ್‌ನ ನೋಟ ಹೊರಳುತ್ತದೆ. ಒಂದು ಕಾಲದಲ್ಲಿ ಹೋಳಿಯೆಂದರೆ ಕುಣಿದಾಡುತ್ತಿದ್ದವಳು ಅವಳು ಎಂಬುದು ಮುಂದೆ ರಾಮಲಾಲನ ಮಾತಿನಿಂದ ತಿಳಿಯುತ್ತದೆ.

ಹಾಡು ಮುಗಿಯುತ್ತಿದ್ದಂತೆಯೇ ಗಬ್ಬರನ ತಂಡ ನುಗ್ಗುತ್ತದೆ. ಹೋಳಿ ಯಾವಾಗ ಎಂದು ಅವನು ಮೊದಲೇ ವಿಚಾರಿಸಿದ್ದನ್ನು ಪ್ರೇಕ್ಷಕರು ಮರೆತಿರುವ ಗಳಿಗೆ ಅದು. ಬಣ್ಣದ ಪುಡಿ ಹಾರಿದ ಬಯಲಿನಲ್ಲೇ ಗುಂಡು ಹಾರುತ್ತದೆ. ಕೈಗೆಟುಕುವಂತೆ ಬಿದ್ದಿದ್ದ ಬಂದೂಕನ್ನು ಠಾಕೂರ್ ಎತ್ತಿಕೊಡುವುದಿಲ್ಲ. ಅವನಿಗೆ ಕೈಗಳೇ ಇಲ್ಲವೆಂಬ ಸತ್ಯ ಹೊರಬೀಳುವುದು ಈ ದಾಳಿಯ ನಂತರವೇ. ಹಾಡನ್ನು ಕತ್ತರಿಸಿ ತೆಗೆದರೆ ಆ ಆಘಾತದ ಅರ್ಧ ಬಲ ಹೋಗುತ್ತದೆ. ಚಿತ್ರಕ್ಕೆ ದೊರೆತ ಏಕೈಕ ಫಿಲ್ಮ್‌ಫೇರ್ ಪ್ರಶಸ್ತಿ ಸಂಕಲನಕಾರ ಎಂ. ಎಸ್. ಶಿಂಧೆ ಅವರದಾಯಿತು ಎಂಬುದು ಇಲ್ಲಿ ನೆನಪಾಗಬೇಕಾದ ಮಾತು.

ಇರುಳಿನ ಬಂಡೆ, ಹಗಲಿನ ಬಂಡೆ

ಉಳಿದೆರಡು ಗೀತೆಗಳು ಗಬ್ಬರನ ಅಡ್ಡೆಯವು. ಎರಡರಲ್ಲೂ ಒಬ್ಬ ಹೆಣ್ಣು ಕುಣಿಯುತ್ತಾಳೆ, ಗಬ್ಬರ್ ನೋಡುತ್ತಾನೆ. ಅಷ್ಟರಿಂದಲೇ ಅವು ಒಂದೇ ಬಗೆಯವು ಎಂದುಕೊಂಡರೆ ತಪ್ಪಾದೀತು.

‘ಮೆಹಬೂಬಾ’ ಇರುಳಿನ ಹಾಡು. ಹೆಲೆನ್ ಕುಣಿತ, ತಂತಿವಾದ್ಯ ಹಿಡಿದ ಜಲಾಲ್ ಆಗಾ, ನಡುವೆ ಉರಿವ ಬೆಂಕಿ. ಹಾಡಿದವರು ಸ್ವತಃ ಆರ್. ಡಿ. ಬರ್ಮನ್, ಅವರಿಗೆ ಗಾಯಕರ ವಿಭಾಗದಲ್ಲಿ ಫಿಲ್ಮ್‌ಫೇರ್ ನಾಮನಿರ್ದೇಶನವೂ ಸಿಕ್ಕಿತು. ಆರಂಭದ ವಿಚಿತ್ರ ನಾದ ಬಾಟಲಿಗಳ ಬಾಯಿಗೆ ಉಸಿರೂದಿ ಹೊರಡಿಸಿದ್ದು. ರಾಗದಲ್ಲಿ ಗ್ರೀಕ್ ಗಾಯಕ ಡೆಮಿಸ್ ರೂಸೋಸ್ ಅವರ ಗೀತೆಯೊಂದರ ಛಾಯೆಯಿರುವುದು ಸಂಗೀತಪ್ರಿಯರಿಗೆ ಪರಿಚಿತ. ಹೀಗೆ ಮೆಡಿಟರೇನಿಯನ್ ಕಡೆಯ ಧಾಟಿಯೊಂದು ಮುಂಬಯಿಯಲ್ಲಿ ಹಾಡಾಗಿ ರಾಮಗಢದ ಇರುಳಿಗೆ ಬಂದು ಸೇರಿತು. ಬೆಂಕಿಯ ಬೆಳಕು ತಾಗುವಷ್ಟು ಮಾತ್ರ ಕಾಣುತ್ತದೆ, ಉಳಿದುದೆಲ್ಲ ಕತ್ತಲು. ಆ ಕತ್ತಲಿನಲ್ಲೇ ಜಯ್ ಮತ್ತು ವೀರು ಸಿಡಿಮದ್ದು ಹೂಳುತ್ತಿರುತ್ತಾರೆ. ಇಲ್ಲಿ ನೆಲದ ಕೆಲಸ ಮರೆಮಾಡುವುದು.

‘ಜಬ್ ತಕ್ ಹೈ ಜಾನ್’ ಇದಕ್ಕೆ ನೇರ ವಿರುದ್ಧ. ಉರಿಬಿಸಿಲು, ಮರೆಯೆಂಬುದೇ ಇಲ್ಲದ ಬರಿಯ ಬಂಡೆ. ಕಟ್ಟಿಹಾಕಿದ ವೀರುವಿನ ಪ್ರಾಣ ಬಸಂತಿಯ ಕಾಲಿನ ಮೇಲೆ ನಿಂತಿದೆ. ಕುಣಿತ ನಿಂತರೆ ಅವನ ಉಸಿರೂ ನಿಲ್ಲುತ್ತದೆ. ಲತಾ ಅವರ ದನಿಗೆ ಹೇಮಾಮಾಲಿನಿ ಬರಿಗಾಲಿನಲ್ಲಿ ಹೆಜ್ಜೆ ಹಾಕುತ್ತಾರೆ; ಕಾಲ ಕೆಳಗೆ ಒಡೆದ ಗಾಜು ಬೀಳುತ್ತದೆ. ಬಿಸಿಲಿಗೆ ಕಾದ ಬಂಡೆಯ ಮೇಲೆ ಕುಣಿದ ಸಂಕಟವನ್ನು ನಟಿ ಅನೇಕ ಬಾರಿ ನೆನಪಿಸಿಕೊಂಡಿದ್ದಾರೆ. ನೃತ್ಯ ನಿರ್ದೇಶಕರು ಪಿ. ಎಲ್. ರಾಜ್. ಸಾಮಾನ್ಯವಾಗಿ ಹಿಂದಿ ಚಿತ್ರಗೀತೆಯಲ್ಲಿ ನೆಲ ನರ್ತಕಿಯನ್ನು ಸುಂದರವಾಗಿ ಕಾಣಿಸಲು ಇರುತ್ತದೆ. ಇಲ್ಲಿ ನೆಲವೇ ಶಿಕ್ಷೆ. ರಾಮನಗರದ ಬಂಡೆ ಇಷ್ಟು ಕಠಿಣವಾಗಿ ಬೇರಾವ ಹಾಡಿನಲ್ಲೂ ಕಾಣಿಸಿಲ್ಲ.

ಮೌತ್ ಆರ್ಗನ್ ಮತ್ತು ದೀಪ

ಪದಗಳಿಲ್ಲದ ಒಂದು ತುಣುಕನ್ನೂ ಅಭಿಮಾನಿಗಳು ಹಾಡುಗಳ ಸಾಲಿಗೇ ಸೇರಿಸುತ್ತಾರೆ. ಮುಸ್ಸಂಜೆ, ಮನೆಯ ಮೇಲೆ ರಾಧಾ ಒಂದೊಂದಾಗಿ ದೀಪ ಆರಿಸುತ್ತಾಳೆ, ಕೆಳಗೆ ಕುಳಿತ ಜಯ್ ಮೌತ್ ಆರ್ಗನ್ ನುಡಿಸುತ್ತಾನೆ. ತೆರೆಯ ಹಿಂದೆ ಅದನ್ನು ನುಡಿಸಿದವರು ಬರ್ಮನ್ ತಂಡದ ಭಾನು ಗುಪ್ತಾ. ಸೂರ್ಯ ಮುಳುಗಿ ಕತ್ತಲಾಗುವ ಮುನ್ನ ಸಿಗುವ ಕೆಲವೇ ನಿಮಿಷಗಳ ಬೆಳಕಿನಲ್ಲೇ ಇದನ್ನು ಸೆರೆಹಿಡಿಯಬೇಕೆಂದು ದಿವೇಚಾ ಪಟ್ಟುಹಿಡಿದರು. ದಿನಕ್ಕೊಂದೆರಡು ಚಿತ್ರಿಕೆಯಂತೆ ಕೆಲಸ ಮುಗಿಯಲು ಸುಮಾರು 20 ದಿನಗಳಾದವು. ‘ಯೇ ದೋಸ್ತಿ’ಯಲ್ಲಿ ಹೆಗಲ ಮೇಲೆ ಕುಳಿತು ನುಡಿಸಿದ ಅದೇ ವಾದ್ಯ ಇಲ್ಲಿ ಒಂಟಿತನದ ದನಿಯಾಗುತ್ತದೆ.

ಇದಕ್ಕೆ ಪ್ರತಿಯಾಗಿ, ದನಿಯಿದ್ದೂ ದೃಶ್ಯ ಕಾಣದ ಗೀತೆಯೊಂದಿದೆ. ಕಿಶೋರ್ ಕುಮಾರ್, ಮನ್ನಾ ಡೇ, ಭೂಪಿಂದರ್ ಸಿಂಗ್ ಅವರೊಂದಿಗೆ ಕವಿ ಆನಂದ್ ಬಕ್ಷಿಯೂ ಹಾಡಿದ್ದ ಕವ್ವಾಲಿ ಧ್ವನಿಮುದ್ರಣಗೊಂಡರೂ ಚಿತ್ರೀಕರಣವಾಗಲಿಲ್ಲ. ಈಗಾಗಲೇ ಉದ್ದವಾಗಿದ್ದ ಚಿತ್ರದಲ್ಲಿ ಅದಕ್ಕೆ ಎಡೆ ಸಿಗಲಿಲ್ಲ.

ಕಲ್ಲಿನ ಮೇಲಿನ ಹಾಡಿಗೆ ಕನ್ನಡದ ದಾರಿ

ಬಂಡೆಗಳ ನಡುವೆ ಹಾಡು ಕಟ್ಟುವ ಕಲೆ ಕನ್ನಡಕ್ಕೆ ಮುಂಬಯಿಯಿಂದ ಬಂದದ್ದಲ್ಲ. ‘ಶೋಲೆ’ಗೆ ಮೂರು ವರ್ಷ ಮೊದಲೇ, 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಚಿತ್ರದುರ್ಗದ ಕೋಟೆ ಕಲ್ಲುಗಳನ್ನು ಕಥೆಯ ಪಾತ್ರವಾಗಿಸಿತ್ತು. ವಿಜಯಭಾಸ್ಕರ್ ಸಂಗೀತದಲ್ಲಿ ಪಿ. ಬಿ. ಶ್ರೀನಿವಾಸ್ ಹಾಡಿದ ‘ಬಾರೆ ಬಾರೆ’ ಗೀತೆಯನ್ನು ನಿಧಾನ ಚಲನೆಯಲ್ಲಿ ಚಿತ್ರಿಸಿದ್ದು ಅಂದಿನ ಮಟ್ಟಿಗೆ ದೊಡ್ಡ ಪ್ರಯೋಗ. ಅಲ್ಲಿ ರಾಮಾಚಾರಿಯ ಕನಸು ಕಲ್ಲಿನ ಭಾರವನ್ನೇ ಕರಗಿಸಿಬಿಡುತ್ತದೆ. ‘ಶೋಲೆ’ಯ ಬಂಡೆಗಳು ಕರಗುವುದಿಲ್ಲ. ಎರಡನ್ನೂ ಜತೆಯಾಗಿ ನೋಡುವವರಿಗೆ ಒಂದೇ ಬಗೆಯ ನೆಲದಿಂದ ಇಬ್ಬರು ನಿರ್ದೇಶಕರು ಎಷ್ಟು ಭಿನ್ನವಾದ ಭಾವ ಹೊರಡಿಸಬಲ್ಲರೆಂಬುದು ತಿಳಿಯುತ್ತದೆ.

ಮುಂದೆ ಬ್ರಿಟಿಷ್ ನಿರ್ದೇಶಕ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಮರಬಾರ್ ಗುಹೆಗಳಿಗಾಗಿ ಸಾವನದುರ್ಗ ಮತ್ತು ರಾಮನಗರದ ಬಂಡೆಗಳನ್ನೇ ಆರಿಸಿಕೊಂಡರು. ಅದರಲ್ಲಿ ಹಾಡಿಲ್ಲ, ಆದರೆ ಕಥೆಯ ಗುಟ್ಟು ಅಡಗಿರುವುದು ಗುಹೆಯ ಪ್ರತಿಧ್ವನಿಯಲ್ಲಿ. ಮಾರಿಸ್ ಜಾರ್ ಅವರ ಸಂಗೀತಕ್ಕೆ ಆಸ್ಕರ್ ಬಂತು. ಹತ್ತು ವರ್ಷಗಳ ಅಂತರದಲ್ಲಿ ಒಂದೇ ಶಿಲಾಪಟ್ಟಿ ಎರಡು ಜಗತ್ಪ್ರಸಿದ್ಧ ಚಿತ್ರಗಳಿಗೆ ನೆಲೆಯಾಯಿತು. ಆದರೆ ಒಂದರಲ್ಲಿ ಅದು ‘ರಾಮಗಢ’, ಇನ್ನೊಂದರಲ್ಲಿ ‘ಮರಬಾರ್’. ರಾಮನಗರವೆಂಬ ಹೆಸರು ಎರಡು ಕಥೆಗಳಲ್ಲೂ ಇಲ್ಲ.

ಉಳಿದಿರುವುದೇನು?

ಚಿತ್ರೀಕರಣ ಮುಗಿದ ಬಳಿಕ ರಾಮಗಢದ ಸೆಟ್ಟನ್ನು ಕಳಚಲಾಯಿತು. ಠಾಕೂರನ ಮನೆಯಾಗಲಿ, ಹೋಳಿಯ ಬಯಲಿನ ಗುಡಿಸಲುಗಳಾಗಲಿ ಇಂದು ಇಲ್ಲ. ಹೊರಗಿನಿಂದ ಬಂದವರಿಗೆ ಉಳಿದಿರುವ ಗುರುತು ಬಂಡೆಗಳದು ಮಾತ್ರ. ಕಲ್ಲು ಗಣಿಗಾರಿಕೆ ಈ ಸೀಮೆಯ ಹಲವು ಗುಡ್ಡಗಳ ರೂಪವನ್ನೇ ಬದಲಿಸಿದೆ. ಹಾಗಾಗಿ 1973ರಿಂದ 1975ರ ನಡುವಿನ ರಾಮದೇವರ ಬೆಟ್ಟದ ಪರಿಸರ ಹೇಗಿತ್ತು ಎಂಬುದಕ್ಕೆ ಬಣ್ಣದಲ್ಲಿ, ಚಲನೆಯಲ್ಲಿ, ಬೆಳಗು–ಬೈಗುಗಳ ಬೆಳಕಿನಲ್ಲಿ ದೊರೆಯುವ ಸಾಕ್ಷ್ಯಗಳಲ್ಲಿ ಈ ಹಾಡುಗಳಿಗೆ ವಿಶೇಷ ಸ್ಥಾನವಿದೆ. ಮನರಂಜನೆಗೆಂದು ತೆಗೆದ ದೃಶ್ಯ ಐವತ್ತು ವರ್ಷಗಳಲ್ಲಿ ದಾಖಲೆಯಾಗಿ ಮಾರ್ಪಟ್ಟಿದೆ.

ಬೆಟ್ಟಕ್ಕೂ ಹೊಸ ರಕ್ಷಣೆ ದೊರೆತಿದೆ. ಉದ್ದ ಕೊಕ್ಕಿನ ರಣಹದ್ದುಗಳ ನೆಲೆಯಾದ ರಾಮದೇವರ ಬೆಟ್ಟವನ್ನು 2012ರಲ್ಲಿ ಸರ್ಕಾರ ರಣಹದ್ದು ವನ್ಯಧಾಮವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 346 ಹೆಕ್ಟೇರ್. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡ ಕೆಡಿಸಿದ್ದರಿಂದ 1990ರ ದಶಕದಿಂದೀಚೆಗೆ ದೇಶದಲ್ಲಿ ಈ ಹಕ್ಕಿಗಳ ಸಂತತಿ ಬಹುಪಾಲು ಅಳಿಯಿತು. ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. ವನ್ಯಧಾಮದೊಳಗೆ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗಬ್ಬರನ ಅಡ್ಡೆಯ ಸಿಡಿತ, ಇರುಳಿನ ಬೆಂಕಿ, ಧ್ವನಿವರ್ಧಕದಲ್ಲಿ ದಿನಗಟ್ಟಲೆ ನುಡಿಯುವ ಹಾಡು ಇಂದು ಅಲ್ಲಿ ಯೋಚಿಸಲೂ ಆಗದ ಮಾತು. ಕೆಲವು ಅಭಿಮಾನಿಗಳಿಗೆ ಇದು ನಿರಾಸೆ ತರಬಹುದು. ಆದರೆ ಹಾಡಿನಲ್ಲಿ ಕಂಡ ಬಂಡೆ ಕಂಡಂತೆಯೇ ಉಳಿಯುವುದಕ್ಕೂ ಈ ಕಟ್ಟುಪಾಡೇ ಆಸರೆ.

ಹಾಡುಗಳ ಮೂಲರೂಪವೂ ಹಾಗೆಯೇ ಅಪಾಯದಲ್ಲಿತ್ತು. ಟಿ.ವಿ. ಮತ್ತು ಕ್ಯಾಸೆಟ್ಟುಗಳ ಕಾಲದಲ್ಲಿ ಅಗಲ ತೆರೆಯ ಎರಡೂ ಅಂಚು ಕತ್ತರಿಸಿಹೋಗಿ ಬಂಡೆಗಳೇ ಕಾಣೆಯಾಗುತ್ತಿದ್ದವು. ಮೂಲ ನೆಗೆಟಿವ್ ತೀರ ಹಾಳಾಗಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಂಸ್ಥೆಯು ಸಿಪ್ಪಿ ಫಿಲ್ಮ್ಸ್ ಜತೆಗೂಡಿ ಚಿತ್ರವನ್ನು 4ಕೆ ಗುಣಮಟ್ಟದಲ್ಲಿ ಪುನರುಜ್ಜೀವನಗೊಳಿಸಿತು. ಸೆನ್ಸಾರ್ ಮಂಡಳಿ ಬದಲಾಯಿಸಿದ್ದ ಮೂಲ ಅಂತ್ಯವನ್ನೂ ಒಳಗೊಂಡ ಆ ರೂಪ 2025ರ ಜೂನ್ 27ರಂದು ಇಟಲಿಯ ಬೊಲೊನ್ಯಾ ನಗರದ ಉತ್ಸವದಲ್ಲಿ ಬಯಲು ತೆರೆಯ ಮೇಲೆ ಪ್ರದರ್ಶನಗೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂತು. ಅಂಚುಗಳು ಮರಳಿ ಬಂದವು. ಅವುಗಳ ಜತೆಗೆ ಬೆಟ್ಟವೂ ಮರಳಿತು.

ಶಂಷೇರಾಬಾದ್, ಕ್ಲೋಸ್‌ಪೇಟೆ, ರಾಮನಗರ ಎಂದು ಊರು ಹೆಸರು ಬದಲಿಸುತ್ತ ಬಂದಿದೆ. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನೂ ಒಳಗೊಂಡು ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂಬ ಹೆಸರು ಬಂತು. ರಾಮನಗರ ಪಟ್ಟಣ ಜಿಲ್ಲಾ ಕೇಂದ್ರವಾಗಿಯೇ ಉಳಿಯಿತು. ‘ಶೋಲೆ’ಯ ಹಾಡುಗಳನ್ನು ಮತ್ತೊಮ್ಮೆ ನೋಡುವವರು ಈ ಬಾರಿ ನಟರ ಮುಖದಿಂದ ಕಣ್ಣನ್ನು ಕೊಂಚ ಪಕ್ಕಕ್ಕೆ ಸರಿಸಿದರೆ ಸಾಕು. ಯಾವ ಹೆಸರೂ ಹೇಳದೆ ಅಲ್ಲಿ ನಿಂತಿರುವುದು ಕನ್ನಡ ನಾಡಿನ ಕಲ್ಲು.